ಮಗುವಿನ ಬೆರಳಿಗೆ ಮೊದಲ ವಾದ್ಯ

ನಮ್ಮ ಮನೆಗಳಿಗೆ ಸಂಗೀತವು ಹೊಸದಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಕೊರಳಿನಿಂದ ಬಂದ ವಚನವನ್ನು ಕೇಳುತ್ತ ನಿದ್ದೆಹೋದ ಮಕ್ಕಳು, ಶ್ರಾವಣಮಾಸದ ಪ್ರವಚನದಲ್ಲಿ ಹಾರ್ಮೋನಿಯಂ ಪಕ್ಕದಲ್ಲಿಯೇ ಜಾಗ ಹಿಡಿದು ಕುಳಿತ ಮಕ್ಕಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಈಗ ಅದೇ ಮನೆತನಗಳ ಮಕ್ಕಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳಲ್ಲಿಯೂ ದೂರದ ಹೊರನಾಡುಗಳಲ್ಲಿಯೂ ಪಿಯಾನೊ ಪಾಠಕ್ಕೆ ಹೋಗತೊಡಗಿದ್ದಾರೆ. ಇದು ಸಂತೋಷಪಡಬೇಕಾದ ಸಂಗತಿ. ಒಳ್ಳೆಯ ವಿದ್ಯೆ ಯಾವ ದಿಕ್ಕಿನಿಂದ ಬಂದರೂ ಅದನ್ನು ಬರಮಾಡಿಕೊಳ್ಳುವುದು ನಮ್ಮ ಹಿರಿಯರು ಹಾಕಿಕೊಟ್ಟ ದಾರಿಯೇ ಆಗಿದೆ.

ಆದರೆ ಪಾಠಕ್ಕೆ ಹೆಸರು ಬರೆಸಿದ ಮರುವಾರವೇ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗುವಿಗೆ ಯಾವ ವಾದ್ಯವನ್ನು ಕೊಡಿಸಬೇಕು? ತಂದೆ, “ಮೊದಲು ಅಗ್ಗದ್ದೊಂದನ್ನು ತರೋಣ, ಆಸಕ್ತಿ ಉಳಿದರೆ ಮುಂದೆ ನೋಡೋಣ” ಎನ್ನುತ್ತಾರೆ. ತಾಯಿ, “ತಂದರೆ ಒಳ್ಳೆಯದನ್ನೇ ತರಬೇಕು” ಎನ್ನುತ್ತಾರೆ. ಅಜ್ಜ, “ಅಟ್ಟದ ಮೇಲೆ ಹಾರ್ಮೋನಿಯಂ ಇದೆಯಲ್ಲ, ಅದು ಸಾಲದೇನು?” ಎಂದು ಕೇಳುತ್ತಾರೆ. ಈ ಮೂರು ಮಾತುಗಳಲ್ಲಿಯೂ ಸತ್ಯಾಂಶವಿದೆ. ಮೂರರಲ್ಲಿ ಯಾವುದೂ ಪೂರ್ಣ ಸತ್ಯವಲ್ಲ.

ಇದನ್ನು ಕೇವಲ ಖರೀದಿಯ ವಿಷಯವೆಂದು ಭಾವಿಸಬಾರದು. ಆರು-ಏಳು ವರ್ಷದ ಮಗುವೊಂದು ಪಾಠಕ್ಕೆ ಸೇರಿ ಎಂಟು ತಿಂಗಳಾದ ಮೇಲೆ, “ನನಗೆ ಬರುವುದಿಲ್ಲ” ಎಂದು ಪುಸ್ತಕ ಮಡಚಿಡುವುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ಶಿಕ್ಷಕರು, “ಇಲ್ಲಿ ಮೆಲ್ಲಗೆ ನುಡಿಸು, ಇಲ್ಲಿ ಗಟ್ಟಿಯಾಗಿ ನುಡಿಸು” ಎಂದು ಹೇಳಿ ಕಳಿಸುತ್ತಾರೆ. ಮನೆಯಲ್ಲಿರುವ ವಾದ್ಯವು ಹೇಗೆ ಒತ್ತಿದರೂ ಒಂದೇ ದನಿಯಲ್ಲಿ ನುಡಿಯುತ್ತದೆ. ವಾರವಿಡೀ ಅಭ್ಯಾಸ ಮಾಡಿದ ಮಗು ಪಾಠದ ಕೋಣೆಗೆ ಹೋದಾಗ ಅಲ್ಲಿನ ಪಿಯಾನೊ ಅದರ ಬೆರಳಿಗೆ ಪರಕೀಯವಾಗಿ ತೋರುತ್ತದೆ. ಕೊನೆಗೆ “ಈ ಮಗುವಿಗೆ ಸಂಗೀತ ಒಲಿಯಲಿಲ್ಲ” ಎಂಬ ಮುದ್ರೆ ಬೀಳುತ್ತದೆ. ಒಲಿಯದೆ ಹೋದದ್ದು ಸಂಗೀತವಲ್ಲ, ವಾದ್ಯ. ಅಂಥ ಮುದ್ರೆಯನ್ನು ಹೊತ್ತ ಮಗು ದೊಡ್ಡದಾದ ಮೇಲೂ ಅದನ್ನು ಮರೆಯುವುದಿಲ್ಲ. ಆದ್ದರಿಂದ ಈ ವಿಷಯವನ್ನು ಕೊಂಚ ವಿಸ್ತಾರವಾಗಿ ವಿಚಾರಿಸುವುದು ಅಗತ್ಯವೆಂದು ನಾವು ತಿಳಿದಿದ್ದೇವೆ.

ಹೆಸರಿನಲ್ಲಿಯೇ ಇರುವ ಗುಟ್ಟು

ಪಿಯಾನೊ ಹುಟ್ಟಿದ್ದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸುಮಾರು 1700ರ ಹೊತ್ತಿಗೆ. ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ವಾದ್ಯಶಿಲ್ಪಿ ಅದನ್ನು ನಿರ್ಮಿಸಿದನು. ಅದಕ್ಕಿಂತ ಮುಂಚೆ ಯೂರೋಪಿನಲ್ಲಿ ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲಿ ಕೀ ಒತ್ತಿದರೆ ಒಂದು ಸಣ್ಣ ಕೊಕ್ಕೆ ತಂತಿಯನ್ನು ಮೀಟುತ್ತಿತ್ತು. ಬೆರಳು ಎಷ್ಟೇ ಮೃದುವಾಗಿದ್ದರೂ ಎಷ್ಟೇ ಬಿರುಸಾಗಿದ್ದರೂ ನಾದದ ಪ್ರಮಾಣ ಹೆಚ್ಚು-ಕಡಿಮೆ ಒಂದೇ. ಕ್ರಿಸ್ತೊಫೊರಿಯು ಮೀಟುವ ಕೊಕ್ಕೆಯನ್ನು ತೆಗೆದು ಬಡಿಯುವ ಪುಟ್ಟ ಸುತ್ತಿಗೆಯನ್ನು ಅಳವಡಿಸಿದನು. ಬೆರಳು ಮೆಲ್ಲಗೆ ಇಳಿದರೆ ಸುತ್ತಿಗೆ ಮೆಲ್ಲಗೆ ತಾಗುವುದು, ರಭಸದಿಂದ ಇಳಿದರೆ ರಭಸದಿಂದ ಬಡಿಯುವುದು. ಇಟಾಲಿಯನ್ ಭಾಷೆಯಲ್ಲಿ ‘ಪಿಯಾನೊ’ ಎಂದರೆ ಮೆಲ್ಲಗೆ, ‘ಫೋರ್ತೆ’ ಎಂದರೆ ಗಟ್ಟಿಯಾಗಿ. ಮೆಲುದನಿ, ಗಟ್ಟಿದನಿ ಎರಡನ್ನೂ ಕೊಡಬಲ್ಲ ವಾದ್ಯವೆಂಬುದೇ ಅದರ ಪೂರ್ಣ ಹೆಸರಿನ ಅರ್ಥವಾಗಿತ್ತು. ಆತನು ಮಾಡಿದ ಪಿಯಾನೊಗಳ ಪೈಕಿ ಮೂರು ಇಂದಿಗೂ ಉಳಿದಿವೆ. ಅವುಗಳಲ್ಲಿ 1720ರ ವಾದ್ಯ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಈ ಚರಿತ್ರೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಬೆರಳಿನ ಭಾರಕ್ಕೆ ತಕ್ಕಂತೆ ನಾದ ಬದಲಾಗುವುದೇ ಪಿಯಾನೊದ ಪ್ರಾಣ. ಆ ಗುಣವಿಲ್ಲದ ವಾದ್ಯವನ್ನು ಮಗುವಿನ ಮುಂದಿಟ್ಟು ಪಿಯಾನೊ ಕಲಿ ಎನ್ನುವುದು, ಆ ಮಗುವನ್ನು ಮುನ್ನೂರು ವರ್ಷ ಹಿಂದಕ್ಕೆ ಕಳಿಸಿದಂತೆ. ಮುಂದೆ ನಾವು ಹೇಳಲಿರುವ ಎಲ್ಲ ಮಾತಿಗೂ ಇದೊಂದೇ ಒರೆಗಲ್ಲು.

ಪಿಯಾನೊ ನಮ್ಮ ನಾಡಿಗೆ ತೀರ ಅಪರಿಚಿತವೂ ಅಲ್ಲ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರವರು (1919-1974) ಚಿಕ್ಕಂದಿನಿಂದ ಪಿಯಾನೊ ಅಭ್ಯಾಸ ಮಾಡಿದವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯನ್ನು ಪಡೆದವರು. ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ವೃದ್ಧಾಪ್ಯದಲ್ಲಿ ಲಂಡನ್ನಿನಲ್ಲಿದ್ದಾಗ ಆತನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯ ಮಾಡಿದವರು ಇವರೇ. ಕೃತಜ್ಞತೆಯಿಂದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಪಿಯಾನೊ ಕಲಿತ ಮಗು ನಮ್ಮ ಸಂಗೀತದಿಂದ ದೂರವಾಗುವುದೆಂದು ಅಂಜುವ ಹಿರಿಯರಿಗೆ ಈ ಒಂದು ಉದಾಹರಣೆ ಸಾಕು.

ಮನೆಯ ಹಾರ್ಮೋನಿಯಂ ಸಾಲದೆ?

ಅಜ್ಜನ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಹಾರ್ಮೋನಿಯಂ ಕೂಡ ಯೂರೋಪಿನಿಂದ ಬಂದ ವಾದ್ಯವೇ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಯ್ನ್ 1842ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಕಲಕತ್ತೆಯಲ್ಲಿ ಅದು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವ ರೂಪವನ್ನು ತಾಳಿ, ಅನಂತರ ದೇಶವನ್ನೆಲ್ಲ ವ್ಯಾಪಿಸಿತು. ಹಾರ್ಮೋನಿಯಂನಲ್ಲಿ ನಾವು ‘ಮನೆ’ ಎನ್ನುವುದನ್ನೇ ಪಿಯಾನೊದವರು ‘ಕೀ’ ಎನ್ನುತ್ತಾರೆ. ಕಪ್ಪು ಬಿಳುಪಿನ ಕ್ರಮವು ಎರಡರಲ್ಲಿಯೂ ಒಂದೇ. ಹೀಗಾಗಿ ಹಾರ್ಮೋನಿಯಂ ಮುಂದೆ ಕುಳಿತ ಮಗುವಿಗೆ ಸ್ವರಗಳ ನೆಲೆ ಗೊತ್ತಾಗುತ್ತದೆ, ಕಿವಿ ತಿದ್ದಿಕೊಳ್ಳುತ್ತದೆ. ಹಾಡುತ್ತ ನುಡಿಸುವ ರೂಢಿಯೂ ಬೆಳೆಯುತ್ತದೆ. ಇದು ಸಣ್ಣ ಲಾಭವಲ್ಲ.

ಆದರೆ ಹಾರ್ಮೋನಿಯಂನ ನಾದವು ಗಾಳಿಯಿಂದ ಬರುವುದು. ಅಲ್ಲಿ ದನಿಯನ್ನು ಏರಿಸುವುದೂ ಇಳಿಸುವುದೂ ತಿದಿಯ ಕೆಲಸವೇ ಹೊರತು ಬೆರಳಿನದಲ್ಲ. ಮನೆಯನ್ನು ಒತ್ತಿ ಹಿಡಿದಷ್ಟು ಕಾಲ, ಗಾಳಿಯಿರುವ ತನಕ, ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಸುತ್ತಿಗೆ ತಾಗಿದ ಕ್ಷಣದಿಂದಲೇ ನಾದ ಕರಗತೊಡಗುತ್ತದೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಹಾರ್ಮೋನಿಯಂನಲ್ಲಿ ಎಡಗೈ ತಿದಿಗೆ ಮೀಸಲು. ಪಿಯಾನೊದಲ್ಲಿ ಎರಡೂ ಕೈಗಳ ಹತ್ತು ಬೆರಳುಗಳು ಏಕಕಾಲಕ್ಕೆ ಬೇರೆ ಬೇರೆ ಕೆಲಸ ಮಾಡಬೇಕು. ಹಾರ್ಮೋನಿಯಂನಲ್ಲಿರುವುದು ಸಾಮಾನ್ಯವಾಗಿ ಮೂರು-ಮೂರೂವರೆ ಸಪ್ತಕ. ಪಿಯಾನೊದಲ್ಲಿ ಏಳಕ್ಕೂ ಹೆಚ್ಚು.

ಆದುದರಿಂದ ಮನೆಯ ಹಾರ್ಮೋನಿಯಂ ಅನ್ನು ಅಟ್ಟದಿಂದ ಇಳಿಸಿ, ಒರೆಸಿ, ಮಗುವಿನ ಕೈಗೆಟುಕುವಂತೆ ಇಡಬೇಕೆಂದೇ ನಾವು ಹೇಳುತ್ತೇವೆ. ಪಿಯಾನೊ ಪಾಠದ ರಾಗವನ್ನು ಮಗು ಅದರಲ್ಲಿ ಹುಡುಕಿ ನುಡಿಸಲಿ, ಅಜ್ಜನು ಜೊತೆಯಲ್ಲಿ ಹಾಡಲಿ. ಆದರೆ ಅದು ಪಿಯಾನೊದ ಒಡನಾಡಿಯಾಗಬಲ್ಲುದೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ಮೊದಲು ಶಿಕ್ಷಕರನ್ನು ಕೇಳಿರಿ

ಅಂಗಡಿಗೆ ಹೋಗುವ ಮುನ್ನ ಶಿಕ್ಷಕರಲ್ಲಿ ಒಂದು ಪ್ರಶ್ನೆ ಕೇಳಬೇಕು: “ತಾವು ಕಲಿಸುವುದು ಪಿಯಾನೊ ಪಾಠವೋ ಕೀಬೋರ್ಡ್ ಪಾಠವೋ?” ಹಲವು ಊರುಗಳಲ್ಲಿ ಫಲಕದ ಮೇಲೆ ಬರೆದಿರುವುದು ಒಂದು, ಒಳಗೆ ನಡೆಯುವುದು ಇನ್ನೊಂದು. ಇವೆರಡೂ ಗೌರವಾರ್ಹ ವಿದ್ಯೆಗಳೇ. ಆದರೆ ಒಂದೇ ವಿದ್ಯೆಯಲ್ಲ. ಕೀಬೋರ್ಡ್ ಪಾಠದಲ್ಲಿ ಬಲಗೈ ರಾಗವನ್ನು ನುಡಿಸಿದರೆ ಎಡಗೈ ಸ್ವರಮೇಳಗಳನ್ನು ಹಿಡಿಯುತ್ತದೆ. ತಾಳವಾದ್ಯಗಳ ಹಿಮ್ಮೇಳವನ್ನು ಯಂತ್ರವೇ ಒದಗಿಸುತ್ತದೆ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಪರೀಕ್ಷೆಗಳಲ್ಲಿಯೂ ಪಿಯಾನೊಕ್ಕೆ ಒಂದು ಪಠ್ಯಕ್ರಮ, ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಬೇರೊಂದು ಪಠ್ಯಕ್ರಮವಿದೆ. ನಮ್ಮ ದೇಶದ ಮಕ್ಕಳು ಟ್ರಿನಿಟಿಯ ಜೊತೆಗೆ, 1889ರಲ್ಲಿ ಸ್ಥಾಪಿತವಾದ ‘ಎ.ಬಿ.ಆರ್.ಎಸ್.ಎಂ.’ ಸಂಸ್ಥೆಯ ಪರೀಕ್ಷೆಗಳನ್ನೂ ಬರೆಯುತ್ತಾರೆ. ಮಗು ಯಾವ ದಾರಿಯಲ್ಲಿದೆ ಎಂಬುದನ್ನು ತಿಳಿಯದೆ ವಾದ್ಯವನ್ನು ಕೊಳ್ಳುವುದು, ಯಾವ ಊರಿಗೆಂದು ಕೇಳದೆ ಬಸ್ಸು ಹತ್ತಿದಂತಾಗುವುದು.

ಮನೆಮಾತಾದ ‘ಕ್ಯಾಸಿಯೊ’

ಜಪಾನಿನ ಕ್ಯಾಸಿಯೊ ಕಂಪನಿಯು 1980ರಲ್ಲಿ ತನ್ನ ಮೊದಲ ಎಲೆಕ್ಟ್ರಾನಿಕ್ ಕೀಬೋರ್ಡನ್ನು ಹೊರತಂದಿತು. ಮುಂದೆ ನಮ್ಮಲ್ಲಿ ಯಾವ ಕಂಪನಿಯ ಕೀಬೋರ್ಡನ್ನು ಕಂಡರೂ ‘ಕ್ಯಾಸಿಯೊ’ ಎನ್ನುವಷ್ಟರ ಮಟ್ಟಿಗೆ ಆ ಹೆಸರು ಬೇರೂರಿತು. ಮದುವೆ ಮಂಟಪದಲ್ಲಿ, ಆರ್ಕೆಸ್ಟ್ರಾದಲ್ಲಿ, ಭಜನಾ ಮಂಡಳಿಯಲ್ಲಿ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಪಾಲಕರು ಮೊದಲು ಕೈಹಾಕುವುದೂ ಅದಕ್ಕೆ. ಬೆಲೆ ಕಡಿಮೆ, ಭಾರ ಕಡಿಮೆ, ಗುಂಡಿಗಳು ಅನೇಕ.

ಇಲ್ಲಿಯೇ ಎಚ್ಚರಿಕೆ ಬೇಕು. ಕೀಬೋರ್ಡುಗಳಲ್ಲಿ ಮೂರು ತರಗತಿಗಳಿವೆ. ಮೊದಲನೆಯದು ಆಟಿಕೆಯ ತರಗತಿ. ಅದರ ಕೀಗಳು ಅಳತೆಯಲ್ಲಿ ಚಿಕ್ಕವು. ನಿಜವಾದ ಪಿಯಾನೊದಲ್ಲಿ ಒಂದು ಬಿಳಿ ಕೀಯ ಅಗಲ ಸುಮಾರು 23 ಮಿಲಿಮೀಟರ್. ಒಂದು ಸಪ್ತಕದ ಅಗಲ ಸುಮಾರು ಹದಿನಾರೂವರೆ ಸೆಂಟಿಮೀಟರ್. ಚಿಕ್ಕ ಕೀಗಳ ಮೇಲೆ ಪಳಗಿದ ಬೆರಳು ದೊಡ್ಡ ಕೀಗಳ ಮೇಲೆ ತಪ್ಪುತ್ತದೆ. ಮಗುವಿನ ಕೈ ಚಿಕ್ಕದೆಂದು ಚಿಕ್ಕ ಕೀಗಳನ್ನು ಕೊಡುವುದು ಸರಿಯಲ್ಲ. ಇದನ್ನು ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡಬಹುದು, ಪಾಠಕ್ಕೆಂದು ಕೊಡಬಾರದು.

ಎರಡನೆಯದು, ಕೀಗಳ ಅಳತೆ ಸರಿಯಾಗಿದ್ದರೂ ಬೆರಳಿನ ಭಾರವನ್ನು ಅರಿಯದ ಕೀಬೋರ್ಡು. ಮಗು ಮೆಲ್ಲಗೆ ಮುಟ್ಟಿದರೂ, ಸಿಟ್ಟಿನಿಂದ ಕುಟ್ಟಿದರೂ ಅದಕ್ಕೆ ಒಂದೇ. ನಾವು ಮೊದಲಿಗೆ ಹೇಳಿದ ಮಕ್ಕಳ ಕಣ್ಣೀರಿಗೆ ಮುಖ್ಯ ಕಾರಣ ಈ ತರಗತಿಯ ವಾದ್ಯವೇ. ನೋಟಕ್ಕೆ ಇದು ಮೂರನೆಯ ತರಗತಿಯದರಂತೆಯೇ ಇರುವುದರಿಂದ ಪಾಲಕರು ಮೋಸಹೋಗುತ್ತಾರೆ.

ಮೂರನೆಯದು, 61 ಕೀಗಳಿದ್ದು ‘ಟಚ್ ರೆಸ್ಪಾನ್ಸ್’ ಎಂಬ ಗುಣವುಳ್ಳದ್ದು. ಇದು ಬೆರಳಿನ ವೇಗವನ್ನು ಗುರುತಿಸಿ ದನಿಯನ್ನು ಏರಿಸುತ್ತದೆ, ಇಳಿಸುತ್ತದೆ. 61 ಕೀಗಳೆಂದರೆ ಐದು ಸಪ್ತಕ. ಮೊದಲ ಒಂದೆರಡು ವರ್ಷಗಳ ಪಾಠಗಳು ಬಹುಮಟ್ಟಿಗೆ ಇದರೊಳಗೆ ಅಡಗುತ್ತವೆ. ಆದರೆ ಇದರ ಕೀಗಳ ಕೆಳಗಿರುವುದು ಸ್ಪ್ರಿಂಗು. ಪಿಯಾನೊದ ಕೀಯಲ್ಲಿರುವ ತೂಕ ಇಲ್ಲಿಲ್ಲ. ಹೀಗಾಗಿ ಬೆರಳಿಗೆ ಬಲ ಬರುವುದು ನಿಧಾನ. ಹತ್ತು-ಹದಿನೈದು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ದೊರೆಯುವ ಈ ವಾದ್ಯವು, ಹೆಚ್ಚು ಖರ್ಚು ಮಾಡಲಾಗದ ಮನೆಗೆ ಯೋಗ್ಯವಾದ ಆರಂಭವೇ ಸರಿ. ಒಂದು ಮಾತನ್ನು ಮಾತ್ರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಇದು ಒಂದೆರಡು ವರ್ಷಗಳ ವಾದ್ಯ. ಮಗು ಮುಂದುವರಿದಾಗ, “ಆಗಲೇ ಒಂದು ಇದೆಯಲ್ಲ” ಎಂದು ಹೇಳಬಾರದು.

ಡಿಜಿಟಲ್ ಪಿಯಾನೊ

ಸಾಧ್ಯವಿರುವ ಮನೆಗಳಿಗೆ ನಾವು ಸೂಚಿಸುವುದು ಡಿಜಿಟಲ್ ಪಿಯಾನೊವನ್ನೇ. ಇದರಲ್ಲಿ ಪಿಯಾನೊದಲ್ಲಿರುವಂತೆ 88 ಕೀಗಳು, ಅಂದರೆ 52 ಬಿಳಿ, 36 ಕಪ್ಪು ಕೀಗಳಿರುತ್ತವೆ. ಪ್ರತಿಯೊಂದು ಕೀಗೂ ಒಳಗೆ ಸಣ್ಣ ಸುತ್ತಿಗೆಯಂಥ ತೂಕವನ್ನು ಜೋಡಿಸಿರುತ್ತಾರೆ. ಒಳ್ಳೆಯವುಗಳಲ್ಲಿ ಎಡಗಡೆಯ ಮಂದ್ರ ಸ್ವರಗಳ ಕೀಗಳು ಭಾರವಾಗಿಯೂ ಬಲಗಡೆಗೆ ಸರಿದಂತೆ ಹಗುರವಾಗಿಯೂ ಇರುತ್ತವೆ. ನಿಜವಾದ ಪಿಯಾನೊದಲ್ಲಿಯೂ ಹೀಗೆಯೇ. ತಂತಿಗಳಿಲ್ಲದ ಕಾರಣ ಶ್ರುತಿ ಕೆಡುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರ ನಿದ್ದೆಗೆ ಭಂಗವಿಲ್ಲ. ಫ್ಲಾಟುಗಳಲ್ಲಿ ವಾಸಿಸುವವರಿಗೆ ಇದೇನು ಸಣ್ಣ ಅನುಕೂಲವಲ್ಲ.

ಯಮಾಹಾ, ಕ್ಯಾಸಿಯೊ, ರೋಲಂಡ್ ಮೊದಲಾದ ಕಂಪನಿಗಳ ಆರಂಭಿಕ ಮಾದರಿಗಳು ನಮ್ಮಲ್ಲಿ ಸಾಮಾನ್ಯವಾಗಿ ನಲವತ್ತು-ಐವತ್ತು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ದೊರೆಯುತ್ತವೆ. ಈ ಹಣ ಸಣ್ಣದೇನಲ್ಲ. ಆದರೆ ಹತ್ತು ಸಾವಿರದ ನಿರುಪಯೋಗಿ ವಾದ್ಯವೊಂದನ್ನು ಕೊಂಡು, ವರ್ಷದ ಮೇಲೆ ಅದನ್ನು ಮೂಲೆಗಿಟ್ಟು, ಮತ್ತೆ ಇನ್ನೊಂದನ್ನು ತರುವ ಮನೆಯ ಲೆಕ್ಕವನ್ನು ನೋಡಿದರೆ, ಮೊದಲೇ ತಡೆದು ಕೂಡಿಟ್ಟು ಒಮ್ಮೆಗೇ ಕೊಂಡವರೇ ಲಾಭದಲ್ಲಿರುತ್ತಾರೆ.

ಕೊಳ್ಳುವಾಗ ಅಲಂಕಾರಕ್ಕೆ ಮರುಳಾಗಬಾರದು. ಐನೂರು ದನಿಗಳು, ಇನ್ನೂರು ತಾಳಗಳು ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಪಿಯಾನೊ ಕಲಿಯುವ ಮಗುವಿಗೆ ಒಂದೇ ಒಂದು ಒಳ್ಳೆಯ ಪಿಯಾನೊ ದನಿ ಸಾಕು. ಗುಂಡಿಗಳು ಹೆಚ್ಚಿದಷ್ಟೂ ಅಭ್ಯಾಸದ ಅರ್ಧ ಗಂಟೆಯು ಗುಂಡಿ ಒತ್ತುವ ಆಟದಲ್ಲಿಯೇ ಕಳೆದುಹೋಗುತ್ತದೆ. ಅದಕ್ಕಿಂತ ನೋಡಬೇಕಾದುದು ಬೇರೆ. ಏಕಕಾಲಕ್ಕೆ ಎಷ್ಟು ನಾದಗಳನ್ನು ಅದು ಧರಿಸಬಲ್ಲುದು ಎಂಬ ಸಂಖ್ಯೆ 64ಕ್ಕೆ ಕಡಿಮೆಯಿರಬಾರದು. ಪೆಡಲನ್ನು ಜೋಡಿಸಲು ಅವಕಾಶವಿರಬೇಕು. ಚಿಕ್ಕ ಮಗುವಿನ ಕಾಲು ಪೆಡಲಿಗೆ ಎಟುಕುವುದಿಲ್ಲ, ಮೊದಲ ಪಾಠಗಳಿಗೆ ಅದು ಬೇಕಾಗುವುದೂ ಇಲ್ಲ. ಆದರೆ ಕಾಲು ಉದ್ದವಾಗುತ್ತದೆ, ಪಾಠವೂ ಬೆಳೆಯುತ್ತದೆ. ತಾಳದ ಲೆಕ್ಕ ಹಿಡಿಯುವ ‘ಮೆಟ್ರೊನೋಮ್’ ಇದ್ದರೆ ಅದು ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತದೆ.

ತಂತಿಯ ಪಿಯಾನೊ

ತಂತಿ, ಸುತ್ತಿಗೆ, ಮರದ ನಾದಫಲಕಗಳಿಂದ ಕೂಡಿದ ನಿಜವಾದ ಪಿಯಾನೊಕ್ಕೆ ಸಾಟಿಯಿಲ್ಲ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ತಂತಿಗಳಿರುತ್ತವೆ. ಅವೆಲ್ಲವುಗಳ ಒಟ್ಟು ಸೆಳೆತ ಹಲವು ಟನ್ನುಗಳಷ್ಟಿರುವುದರಿಂದ ಒಳಗೆ ಎರಕದ ಕಬ್ಬಿಣದ ಚೌಕಟ್ಟನ್ನು ಕೂಡಿಸಿರುತ್ತಾರೆ. ಗೋಡೆಗೆ ಒತ್ತಿ ನಿಲ್ಲಿಸುವ ಪಿಯಾನೊ ಎರಡು ಕ್ವಿಂಟಲಿನಷ್ಟು ತೂಗುತ್ತದೆ. ಹೊಸದರ ಬೆಲೆ ಲಕ್ಷಗಳಲ್ಲಿಯೇ ಇರುತ್ತದೆ.

ಆದ್ದರಿಂದ ಕೆಲವರು ಬೆಂಗಳೂರಿನ ದಂಡುಪ್ರದೇಶದ ಹಳೆಯ ಮನೆಗಳಿಂದ ಮಾರಾಟಕ್ಕೆ ಬರುವ ಪಿಯಾನೊಗಳ ಕಡೆಗೆ ನೋಡುತ್ತಾರೆ. ಮೆರುಗು ಕೊಟ್ಟ ಮರ, ಹಿತ್ತಾಳೆಯ ದೀಪಗಂಬ, ದಂತದ ಕೀಗಳು ಕಣ್ಣಿಗೆ ಹಬ್ಬವೇ. ಆದರೆ ಹಳೆಯ ಪಿಯಾನೊ ಎಂದರೆ ಹಳೆಯ ಮನೆ ಕೊಂಡಂತೆ. ಹೊರಗಿನ ಸುಣ್ಣಬಣ್ಣ ನೋಡಿ ನಂಬಬಾರದು. ನುಸಿಯು ಉಣ್ಣೆಯ ಫೆಲ್ಟನ್ನು ತಿಂದಿರಬಹುದು. ಗೆದ್ದಲು ಮರದೊಳಗೆ ಹೊಕ್ಕಿರಬಹುದು. ಶ್ರುತಿಯ ಗೂಟಗಳು ಸಡಿಲವಾಗಿ, ಇಂದು ಏರಿಸಿದ ಶ್ರುತಿ ನಾಳೆಗೆ ಇಳಿದಿರಬಹುದು. ಈ ಕೊನೆಯ ದೋಷಕ್ಕೆ ಅಗ್ಗದ ಚಿಕಿತ್ಸೆಯಿಲ್ಲ. ಆದುದರಿಂದ ಶ್ರುತಿ ಮಾಡುವ ಅನುಭವಿಗಳನ್ನು ಕರೆದೊಯ್ದು ಒಳಗೆಲ್ಲ ತೋರಿಸದೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬಾರದು.

ಹವೆಯ ಮಾತನ್ನೂ ಮರೆಯುವಂತಿಲ್ಲ. ಮರವು ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಅದರೊಡನೆ ಶ್ರುತಿಯೂ ಏರಿಳಿಯುತ್ತದೆ. ಶಿವಮೊಗ್ಗ-ಚಿಕ್ಕಮಗಳೂರುಗಳ ಮಳೆ, ಕಲಬುರಗಿ-ರಾಯಚೂರುಗಳ ಬಿಸಿಲು ಎರಡೂ ಪಿಯಾನೊಕ್ಕೆ ಕಠಿಣವೇ. ವರ್ಷಕ್ಕೆ ಎರಡು ಬಾರಿಯಾದರೂ ಶ್ರುತಿ ಮಾಡಿಸಬೇಕು. ಆ ವಿದ್ಯೆ ಬಲ್ಲವರು ದೊಡ್ಡ ನಗರಗಳ ಹೊರಗೆ ವಿರಳ. ಅವರು ಬಂದುಹೋಗುವ ಖರ್ಚೂ ಮನೆಯವರದೇ. ಶ್ರುತಿ ತಪ್ಪಿದ ವಾದ್ಯದ ಮುಂದೆ ದಿನವೂ ಕುಳಿತ ಮಗುವಿನ ಕಿವಿ ಕೆಡುತ್ತದೆ. ಬೆರಳನ್ನು ಮುಂದೆ ತಿದ್ದಬಹುದು, ಕೆಟ್ಟ ಕಿವಿಯನ್ನು ತಿದ್ದುವುದು ಬಲು ಕಷ್ಟ. ಹೀಗಾಗಿ ಶ್ರುತಿ ಮಾಡುವವರು ಹತ್ತಿರದಲ್ಲಿಲ್ಲದ ಊರಿನಲ್ಲಿ, ಹಣವಿದ್ದರೂ ಡಿಜಿಟಲ್ ಪಿಯಾನೊವನ್ನೇ ಆರಿಸುವುದು ವಿವೇಕ. ಹೊರದೇಶಗಳಲ್ಲಿರುವ ನಮ್ಮ ಮನೆತನಗಳಿಗೆ ಈ ತೊಡಕು ಕಡಿಮೆ. ಅಲ್ಲಿ ಹಲವು ಕಡೆ ಪಿಯಾನೊವನ್ನು ತಿಂಗಳ ಬಾಡಿಗೆಗೆ ಪಡೆಯುವ ಅನುಕೂಲವಿದೆ. ಮೊದಲ ವರ್ಷಕ್ಕೆ ಅದು ಉತ್ತಮ.

ಕಣ್ಣು ಮುಚ್ಚಿ ಆರಿಸುವುದು

ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮವನ್ನು ನಮ್ಮ ವಾಚಕ ಬಂಧುಗಳಿಗೆ ಪರಿಚಯಿಸಬೇಕಾಗಿಲ್ಲ. ಕಣ್ಣಿನ ಬೆಳಕಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಸಂಗೀತ ಕಲಿತು ಬಾಳು ಕಟ್ಟಿಕೊಂಡಿದ್ದಾರೆ. ಪಂಡಿತ ಪುಟ್ಟರಾಜ ಗವಾಯಿಗಳು (1914-2010) ಹಾರ್ಮೋನಿಯಂ ಮೊದಲಾಗಿ ಅನೇಕ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಅವರ ಬೆರಳಿಗೂ ಕಿವಿಗೂ ನಡುವೆ ಕಣ್ಣಿನ ಮಧ್ಯಸ್ಥಿಕೆ ಇರಲಿಲ್ಲ. ವಾದ್ಯದ ಯೋಗ್ಯತೆಯು ಬೆರಳಿಗೂ ಕಿವಿಗೂ ಗೊತ್ತಾಗುವಂಥದು, ಕಣ್ಣಿಗಲ್ಲ ಎಂಬ ಪಾಠವನ್ನು ನಾವು ಅಲ್ಲಿಂದ ಕಲಿಯಬಹುದು.

ಆದುದರಿಂದ ಅಂಗಡಿಯಲ್ಲಿ ವಾದ್ಯದ ಮುಂದೆ ನಿಂತಾಗ ಒಮ್ಮೆ ಕಣ್ಣು ಮುಚ್ಚಿರಿ. ಸಂಗೀತ ಬಾರದ ಪಾಲಕರೂ ಮಾಡಬಹುದಾದ ಪರೀಕ್ಷೆಗಳಿವು. ಒಂದೇ ಕೀಯನ್ನು ಮೊದಲು ಹೂವು ಮುಟ್ಟಿದಂತೆ ಒತ್ತಿರಿ, ಅನಂತರ ಗಟ್ಟಿಯಾಗಿ ಒತ್ತಿರಿ. ದನಿಯಲ್ಲಿ ಸ್ಪಷ್ಟವಾದ ವ್ಯತ್ಯಾಸವಿರಬೇಕು. ಒಂದು ಕೀಯನ್ನು ಒತ್ತಿ ಹಿಡಿಯಿರಿ. ನಾದವು ಥಟ್ಟನೆ ಕಡಿದುಹೋಗದೆ, ಗಂಟೆಯ ನಾದದಂತೆ ಕ್ರಮೇಣ ಕರಗಬೇಕು. ಎಡತುದಿಯ ಮತ್ತು ಬಲತುದಿಯ ಕೀಗಳ ಭಾರವನ್ನು ಹೋಲಿಸಿರಿ. ದನಿಯನ್ನು ಪೂರ್ತಿ ಇಳಿಸಿ ನುಡಿಸಿ ನೋಡಿರಿ. ಕೀಗಳು ಖಟಖಟ ಎನ್ನುತ್ತಿದ್ದರೆ ಹೆಡ್‌ಫೋನ್ ಹಾಕಿದರೂ ಮನೆಮಂದಿಗೆ ನೆಮ್ಮದಿಯಿಲ್ಲ. ಬಳಸಿದ ವಾದ್ಯವಾಗಿದ್ದರೆ, ಸಂಕೋಚಪಡದೆ ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದು ಕೀಯನ್ನೂ ಒತ್ತಿ ನೋಡಿರಿ. ಒಂದೆರಡು ವರ್ಷ ಬಳಸಿದ ಡಿಜಿಟಲ್ ಪಿಯಾನೊಗಳು ಒಳ್ಳೆಯ ಸ್ಥಿತಿಯಲ್ಲಿಯೇ ಮಾರಾಟಕ್ಕೆ ಬರುವುದುಂಟು. ಶಿಕ್ಷಕರಿಗೆ ಇದರ ಸುಳಿವು ಮೊದಲೇ ಇರುತ್ತದೆ. ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿರಿ.

ಮಗುವನ್ನಂತೂ ಕರೆದೊಯ್ಯಲೇಬೇಕು. ಎರಡು ವಾದ್ಯಗಳು ಗುಣದಲ್ಲಿ ಸಮನಾಗಿದ್ದಾಗ ಯಾವುದರ ಮುಂದೆ ಮಗು ತಾನಾಗಿ ಹೆಚ್ಚು ಹೊತ್ತು ಕೂರುತ್ತದೆಯೋ ಅದನ್ನೇ ಕೊಳ್ಳಬೇಕು.

ಮನೆಯಲ್ಲಿ ವಾದ್ಯದ ನೆಲೆ

ವಾದ್ಯ ಮನೆಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಅದನ್ನು ಇಡುವ ಜಾಗದಲ್ಲಿದೆ. ಹಾಸಿಗೆಯ ಮೇಲೆ, ಊಟದ ಮೇಜಿನ ಮೇಲೆ ಇಟ್ಟು ನುಡಿಸಿದರೆ ಮಗುವಿನ ಬೆನ್ನೂ ಬಾಗುತ್ತದೆ, ಮಣಿಕಟ್ಟೂ ಸೊಟ್ಟಗಾಗುತ್ತದೆ. ಅಲುಗಾಡದ ಗಟ್ಟಿ ಸ್ಟ್ಯಾಂಡು ಬೇಕು. ಕುಳಿತಾಗ ಮಗುವಿನ ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಪೀಠದ ಎತ್ತರವನ್ನು ಹೊಂದಿಸಬೇಕು. ಕಾಲು ನೇತಾಡುತ್ತಿದ್ದರೆ ಅಡಿಗೆ ಒಂದು ಮಣೆ ಇಡಬೇಕು. ನಮ್ಮ ಮನೆಗಳಲ್ಲಿ ಮಣೆಗೇನು ಬರ! ವಾದ್ಯದೊಡನೆ ಬಂದ ಅಡಾಪ್ಟರನ್ನೇ ಬಳಸಬೇಕು; ನುಡಿಸಿ ಆದ ಮೇಲೆ ಧೂಳು ಕೂರದಂತೆ ಬಟ್ಟೆ ಹೊದಿಸಬೇಕು.

ವಾದ್ಯವನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಡುವುದಕ್ಕಿಂತ, ಮನೆಮಂದಿ ಓಡಾಡುವ ಪಡಸಾಲೆಯ ಒಂದು ಬದಿಗೆ ಇಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಅಲ್ಲಿ ಟಿ.ವಿ. ಇದ್ದರೆ ಆ ಅರ್ಧ ಗಂಟೆ ಅದು ಮೌನವಾಗಿರಲಿ. ಸೊಪ್ಪು ಸೋಸುತ್ತ ಕುಳಿತ ಅಜ್ಜಿ, “ನಿನ್ನೆಗಿಂತ ಇವತ್ತು ಚಲೋ ಬಂತು ನೋಡು ಕೂಸು” ಎಂದರೆ, ಆ ಒಂದು ಮಾತು ಮಗುವಿಗೆ ಸಾವಿರ ರೂಪಾಯಿಯ ಪಾಠಕ್ಕೆ ಸಮ. ಕೇಳುವವರಿಲ್ಲದ ಮನೆಯಲ್ಲಿ ಅತ್ಯುತ್ತಮ ಪಿಯಾನೊ ಕೂಡ ಪೀಠೋಪಕರಣವಾಗಿ ಉಳಿಯುತ್ತದೆ.

ಅಭ್ಯಾಸ ಎಷ್ಟು ಹೊತ್ತು ಎಂದು ಕೆಲವರು ಕೇಳುತ್ತಾರೆ. ಚಿಕ್ಕ ಮಗುವಿಗೆ ದಿನಕ್ಕೆ ಹದಿನೈದು-ಇಪ್ಪತ್ತು ನಿಮಿಷ ಸಾಕು. ಆದರೆ ದಿನವೂ ಬೇಕು. ರವಿವಾರ ಎರಡು ಗಂಟೆ ಕೂರಿಸಿ ವಾರವೆಲ್ಲ ಮುಟ್ಟದಿರುವುದರಿಂದ ಪ್ರಯೋಜನವಿಲ್ಲ. ಇಷ್ಟಲಿಂಗ ಪೂಜೆಗೆ, ಊಟಕ್ಕೆ, ಶಾಲೆಗೆ ಹೊತ್ತು ಗೊತ್ತಿರುವ ಮನೆಯಲ್ಲಿ ಇದಕ್ಕೂ ಒಂದು ಹೊತ್ತನ್ನು ಗೊತ್ತುಮಾಡುವುದು ಕಷ್ಟವೇನಲ್ಲ. ಹತ್ತನೆಯ ತರಗತಿ ಬಂತೆಂದು ವಾದ್ಯವನ್ನು ಅಟ್ಟಕ್ಕೇರಿಸುವ ಪದ್ಧತಿಯನ್ನೂ ಬಿಡಬೇಕು. ಓದಿ ದಣಿದ ತಲೆಗೆ ಆ ಇಪ್ಪತ್ತು ನಿಮಿಷವೇ ವಿಶ್ರಾಂತಿ. ಮಗಳ ವಾದ್ಯವಾದರೆ ಅಟ್ಟಕ್ಕೇರುವುದು ಇನ್ನೂ ಬೇಗ ಎಂಬುದನ್ನು ತಾಯಂದಿರು ಗಮನಿಸಬೇಕು.

ಹಣವಿಲ್ಲದವರು ಸಾಲ ಮಾಡಿ ವಾದ್ಯವನ್ನು ತರಬೇಕಾಗಿಲ್ಲ. ಶಿಕ್ಷಕರ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಅಭ್ಯಾಸಕ್ಕೆ ಅವಕಾಶ ಕೇಳಬಹುದು. ಬಂಧುಗಳ ಮನೆಯಲ್ಲಿ ಸುಮ್ಮನೆ ಕುಳಿತ ವಾದ್ಯವನ್ನು ಕೆಲಕಾಲಕ್ಕೆ ಬೇಡಿ ತರಬಹುದು. ಮಕ್ಕಳು ದೊಡ್ಡವರಾಗಿ ವಾದ್ಯ ಮೂಲೆ ಸೇರಿದ್ದರೆ, ಅದನ್ನು ಇನ್ನೊಂದು ಮಗುವಿಗೆ ದಾಟಿಸುವುದು ಒಳ್ಳೆಯ ದಾಸೋಹವೇ. ನುಡಿಯದೆ ಬಿದ್ದ ವಾದ್ಯ ಯಾರಿಗೆ ಪ್ರಯೋಜನ?

ಅಜ್ಜ, ತಂದೆ, ತಾಯಿ ಆಡಿದ ಮೂರು ಮಾತುಗಳಿಗೆ ಈಗ ಉತ್ತರ ಹೇಳಬಹುದು. ಹಾರ್ಮೋನಿಯಂ ಇರಲಿ, ಒಡನಾಡಿಯಾಗಿ. ಅಗ್ಗದ್ದು ಬೇಕಾದರೆ ಬೆರಳಿನ ಭಾರವನ್ನು ಅರಿಯುವ 61 ಕೀಗಳದ್ದಾಗಲಿ, ಅದೂ ಒಂದೆರಡು ವರ್ಷದ ಮಟ್ಟಿಗೆ. ಶಕ್ತಿಯಿದ್ದರೆ ತೂಕದ 88 ಕೀಗಳ ಡಿಜಿಟಲ್ ಪಿಯಾನೊ ಬರಲಿ. ಶ್ರುತಿ ಮಾಡುವವರೂ ಹತ್ತಿರವಿದ್ದು, ಮಗುವಿನ ಒಲವೂ ಗಟ್ಟಿಯಾದ ಮೇಲೆ ತಂತಿಯ ಪಿಯಾನೊವನ್ನು ಯೋಚಿಸಬಹುದು. ಯಾವುದನ್ನು ತಂದರೂ, ಮಗು ಮೆಲ್ಲಗೆ ಮುಟ್ಟಿದಾಗ ಅದು ಮೆಲ್ಲಗೆ ನುಡಿಯಲಿ. ತನ್ನ ಬೆರಳಿಗೆ ನಾದವು ಓಗೊಡುತ್ತದೆ ಎಂದು ಒಮ್ಮೆ ತಿಳಿದ ಮಗುವನ್ನು ಅಭ್ಯಾಸಕ್ಕೆ ಕೂರು ಎಂದು ಯಾರೂ ಗದರಿಸಬೇಕಾಗುವುದಿಲ್ಲ.